ಬೇಲೂರು ರಸ್ತೆಯ ಗ್ಯಾರೇಜು: ಯೆಜ್ಡಿಯವರಿಗೂ ಬುಲೆಟ್ಟಿನವರಿಗೂ ಒಂದೇ ಬೆಂಚು

ಹಾಸನದ ಸುತ್ತಮುತ್ತ ಹಳೇ ಯೆಜ್ಡಿ ಬೈಕ್ ಇಟ್ಟುಕೊಂಡವರಿಗೆ ಮೊದಲೇ ಒಂದು ಮಾತು. ಗಾಡಿ ಹೊಗೆ ಬಿಡುತ್ತಿದೆ ಅಂತ ಯಾರಾದರೂ ಬೋರ್ ಮಾಡಿಸಿ (ಸಿಲಿಂಡರ್ ಕೊರೆದು ಅಗಲ ಮಾಡಿಸಿ) ಅಂದರೆ ತಕ್ಷಣ ದುಡ್ಡು ಬಿಚ್ಚಬೇಡಿ. ಬೇಲೂರು ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯಲ್ಲಿ ಹೊಂಗೆ ಮರದ ಕೆಳಗೊಂದು ಶೀಟಿನ ಶೆಡ್ಡಿದೆ, ಅಲ್ಲಿ ಒಮ್ಮೆ ತೋರಿಸಿ. ಬೋರ್ಡಿಲ್ಲ. ಮುಂದೆ ಉದ್ದನೆಯ ಮರದ ಬೆಂಚು, ಅದರ ಮೇಲೆ ಕಾಯುತ್ತ ಕೂತವರು, ಅದೇ ಗುರುತು.

ನನ್ನದು 1984ರ ರೋಡ್‌ಕಿಂಗ್. ಅಪ್ಪ ಆಲೂರಿನ ತೋಟದಿಂದ ಹಾಸನಕ್ಕೆ ಮೆಣಸಿನ ಮೂಟೆ ಹೇರಿಕೊಂಡು ಓಡಾಡಿದ ಗಾಡಿ. ಅವರು ಹೋದ ಮೇಲೆ ನಾನೇ ಓಡಿಸುತ್ತಿದ್ದೇನೆ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದೆ ಬರುವವರಿಗೆ ರಸ್ತೆಯೇ ಕಾಣದಷ್ಟು ಬಿಳಿ ಹೊಗೆ ಶುರುವಾಯಿತು. ಬೇರೆ ಕಡೆ ತೋರಿಸಿದೆ. ಪಿಸ್ಟನ್ ಹೋಗಿದೆ ಅಂದರು. ಬೋರ್ ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕಿ ಒಂಬತ್ತು ಸಾವಿರ ತೆಗೆದುಕೊಂಡರು. ಆಲೂರು ಮುಟ್ಟುವುದರೊಳಗೆ ಅದೇ ಹೊಗೆ. ಕೇಳಿದರೆ, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಅಂದಮೇಲೆ ಹೊಗೆ ಇದ್ದದ್ದೇ ಅಂದುಬಿಟ್ಟರು. ಲೀಟರ್ ಪೆಟ್ರೋಲಿಗೆ 40 ಮಿಲಿ ಆಯಿಲ್ ಅಳೆದು ಹಾಕುವವಳಿಗೆ ಹೇಳುವ ಮಾತೇ ಅದು! ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಈ ಗ್ಯಾರೇಜಿನ ಮೇಸ್ತ್ರಿ ಗಾಡಿ ಸ್ಟಾರ್ಟ್ ಕೂಡ ಮಾಡಿಸಲಿಲ್ಲ. ಗೇರ್‌ಬಾಕ್ಸ್ ಆಯಿಲ್ ಯಾವಾಗ ಹಾಕಿಸಿದ್ರಿ ಅಂತ ಕೇಳಿದರು. ಎರಡು ತಿಂಗಳು ಅಂದೆ. ಸ್ಟ್ಯಾಂಡ್ ಹಾಕಿ ಗಾಡಿ ನೆಟ್ಟಗೆ ನಿಲ್ಲಿಸಿ ನೋಡಿದರೆ ಆಯಿಲ್ ಅರ್ಧಕ್ಕಿಂತ ಕೆಳಗಿತ್ತು. ನೆಲದ ಮೇಲೆ ಒಂದು ತೊಟ್ಟೂ ಸೋರಿಲ್ಲ. ಹಾಗಾದರೆ ಹೋಗಿದ್ದೆಲ್ಲಿಗೆ? ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್, ಅಂದರೆ ಆಯಿಲ್ ಎಂಜಿನ್ ಒಳಕ್ಕೆ ನುಗ್ಗದಂತೆ ತಡೆಯುವ ರಬ್ಬರ್ ಬಳೆ, ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಪಿಸ್ಟನ್ ಮೇಲೆ ಹೋದಾಗಲೆಲ್ಲ ಎಂಜಿನ್ ಆ ಸಂದಿನಿಂದ ಗೇರ್ ಆಯಿಲನ್ನು ಒಳಕ್ಕೆ ಎಳೆದು ಪೆಟ್ರೋಲಿನ ಜೊತೆ ಸುಡುತ್ತಿತ್ತು. ಹಳೇ ಸೀಲನ್ನು ನನ್ನ ಅಂಗೈಗೆ ಹಾಕಿ, "ಬಗ್ಗಿಸಿ ನೋಡಿ" ಅಂದರು. ಒಣಗಿದ ಅಡಿಕೆ ಹಾಳೆಯ ಹಾಗೆ ಚಟ್ ಎಂದು ಮುರಿಯಿತು. ಎರಡೂ ಸೀಲ್ ಬದಲಾಯಿಸಿದರು. ಎರಡು ಸೈಲೆನ್ಸರಿನ ಒಳಕೊಳವೆ ಹೊರಗೆಳೆದು ಕಟ್ಟಿದ್ದ ಮಸಿಯನ್ನೆಲ್ಲ ಸುಟ್ಟು ಕೆರೆದರು. ಕಿಡಿ ಹಾರಿಸುವ ಪಾಯಿಂಟಿನ ಗ್ಯಾಪ್ ಸರಿಮಾಡಿದರು. ಎಲ್ಲ ಸೇರಿ ಎರಡು ಸಾವಿರದ ನಾನೂರು. ಇಷ್ಟಕ್ಕೆ ನಾನು ಒಂಬತ್ತು ಸಾವಿರ ಕಳೆದುಕೊಂಡಿದ್ದೆ.

ಕೆಲಸದಷ್ಟೇ ಆ ಬೆಂಚಿನ ಬಗ್ಗೆಯೂ ಬರೆಯಬೇಕು. ಒಂದು ತುದಿಯಲ್ಲಿ ಬುಲೆಟ್ಟಿನವರು, ಇನ್ನೊಂದು ತುದಿಯಲ್ಲಿ ನಮ್ಮವರು. ನಮ್ಮ ಮನೆಯಲ್ಲೂ ಹೀಗೇ ಇತ್ತು. ಹಬ್ಬಕ್ಕೆ ಸೋದರಮಾವ ಬಂದರೆ ಅವರ ಎರಕದ ಎಂಜಿನ್ನಿನ ಬುಲೆಟ್ ಅಂಗಳದ ಆ ಮೂಲೆಗೆ, ಅಪ್ಪನ ಯೆಜ್ಡಿ ಈ ಮೂಲೆಗೆ. ಯಾದವಗಿರಿಯ ಕಾರ್ಖಾನೆಯಲ್ಲಿ ಹುಟ್ಟಿದ್ದು, ನಮ್ಮ ಮೈಸೂರಿನ ಗಾಡಿ ಅಂತ ಅಪ್ಪ. ಮಿಲಿಟರಿಯವರು ನಂಬಿದ್ದು ಯಾವುದನ್ನ ಹೇಳಿ ಭಾವ ಅಂತ ಮಾವ. ಆದರೂ ನನಗೆ ಬುಲೆಟ್ ಸ್ಟಾರ್ಟ್ ಮಾಡುವುದು ಕಲಿಸಿದ್ದು ಮಾವನೇ. ಆಂಪಿಯರ್ ಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಕಿಕ್ಕರ್ ಮೆಲ್ಲಗೆ ಒತ್ತು, ಎಂಜಿನ್ನಿನ ಒತ್ತಡ ಬಿಡಿಸುವ ಡಿಕಂಪ್ರೆಸರ್ ಲಿವರ್ ಹಿಡಿದು ಇನ್ನೊಂಚೂರು ಇಳಿಸು, ಬಿಟ್ಟು ಒಂದೇ ಏಟು. ಅಪ್ಪ ಕಲಿಸಿದ್ದು ಒಂದೇ ಲಿವರ್. ಒಳಕ್ಕೊತ್ತಿ ಹಿಂದಕ್ಕೆ ಎತ್ತಿದರೆ ಕಿಕ್ಕರ್, ಮುಂದಕ್ಕೆ ಇಳಿಸಿದರೆ ಗೇರ್. ಎರಡರ ರುಚಿ ಗೊತ್ತಿದ್ದೂ ನಾನು ಯೆಜ್ಡಿಯವಳೇ. ಕತ್ತಲಾದ ಮೇಲೆ ತೋಟದ ತಿರುವಿನಲ್ಲಿ ಆ ಜೋಡಿ ಸೈಲೆನ್ಸರಿನ ಸದ್ದು ಕೇಳಿದರೆ ಅಮ್ಮ ಅನ್ನಕ್ಕೆ ಇಡುತ್ತಿದ್ದಳು. ಆ ಸದ್ದನ್ನು ಬಿಟ್ಟುಕೊಡು ಅಂದರೆ ನನ್ನಿಂದ ಆಗದು.

ನಾನು ಹೋದ ದಿನ ಬೆಂಚಿನಲ್ಲಿ ಮಿಶಿಗನ್‌ನಿಂದ ರಜಕ್ಕೆ ಬಂದ ಹುಡುಗನೊಬ್ಬ ಕೂತಿದ್ದ, ತಂದೆಯ ಬುಲೆಟ್ ರಿಪೇರಿಗೆ ತಂದವನು. ಅಲ್ಲೂ ಇದೇ ಜಗಳ ಅಂದ. 1964ರ ಏಪ್ರಿಲ್‌ನಲ್ಲಿ ಫೋರ್ಡ್‌ನವರು ಮಸ್ಟಾಂಗ್ ಕಾರು ಬಿಟ್ಟರೆ, ಷೆವರ್ಲೆಯವರು 1967ರ ಮಾಡೆಲ್ ಅಂತ ಕ್ಯಾಮರೋ ಇಳಿಸಿದರಂತೆ. ಕ್ಯಾಮರೋ ಅಂದರೇನು ಅಂತ ಕೇಳಿದ್ದಕ್ಕೆ, ಮಸ್ಟಾಂಗ್‌ಗಳನ್ನು ತಿನ್ನುವ ಪುಟ್ಟ ಕ್ರೂರ ಪ್ರಾಣಿ ಅಂತ ಕಂಪನಿಯವರೇ ಉತ್ತರ ಕೊಟ್ಟಿದ್ದರಂತೆ. ಡಿಯರ್‌ಬಾರ್ನ್‌ನ ಫೋರ್ಡ್ ಟ್ರಕ್ ಕಾರ್ಖಾನೆಯಲ್ಲಿ 2006ರಲ್ಲಿ, ಬೇರೆ ಕಂಪನಿಯ ಗಾಡಿಯಲ್ಲಿ ಬರುವ ಕೆಲಸಗಾರರು ದೂರದಲ್ಲಿ ನಿಲ್ಲಿಸಿ ನಡೆದು ಬರಬೇಕು ಅಂತಲೇ ನಿಯಮ ಮಾಡಿದರಂತೆ. ಆದರೆ ಅವರಿಗೂ ನಮಗೂ ಒಂದು ವ್ಯತ್ಯಾಸ ಇದೆ. ಫೋರ್ಡ್ ಇನ್ನೂ ಇದೆ, ಷೆವರ್ಲೆಯೂ ಇದೆ. 1955ರಲ್ಲಿ ಮದರಾಸಿನಲ್ಲಿ ಶುರುವಾದ, ಬುಲೆಟ್ ಮಾಡುವ ಎನ್‌ಫೀಲ್ಡ್ ಕೂಡ ಇದೆ, ಬುಲೆಟ್ಟಿನ ಬಿಡಿಭಾಗ ಕೇಳಿದಲ್ಲಿ ಸಿಗುತ್ತದೆ. 1961ರಲ್ಲಿ ಜಾವಾ ಬೈಕ್ ಕಟ್ಟಲು ಶುರುಮಾಡಿ, 1973ರಿಂದ ಯೆಜ್ಡಿ ಹೆಸರಿನಲ್ಲಿ ಬಿಟ್ಟ ನಮ್ಮ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂದಿದೆ ನಿಜ, ಅದು ಫೋರ್ ಸ್ಟ್ರೋಕ್, ಬೇರೆಯದೇ ಎಂಜಿನ್. ನನ್ನ ಗಾಡಿಗೆ ಕಂಪನಿ ಅಂತ ಉಳಿದಿರುವುದು ಇಂಥ ಮೇಸ್ತ್ರಿಗಳು ಮಾತ್ರ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೇಸ್ತ್ರಿ ಯಾವ ಕಡೆಯೂ ಇಲ್ಲ. ಬುಲೆಟ್ಟಿನವರೊಬ್ಬರು ಎಂಜಿನ್ನಿನ ಟ್ಯಾಪೆಟ್ ಟಕಟಕ ಸದ್ದು ಬಂದರೇನೇ ಬುಲೆಟ್ ಅಂದಾಗ, ಸದ್ದು ಬಂದರೆ ಸವೆಯುತ್ತಿದೆ ಅಂತ ಅರ್ಥ ಎಂದು ಕವರ್ ಬಿಚ್ಚಿ, ಪುಶ್‌ರಾಡನ್ನು ಬೆರಳಲ್ಲಿ ತಿರುಗಿಸಿ ತೋರಿಸಿದರು. ನನಗೂ ಬಿಡಲಿಲ್ಲ. ಆಯಿಲ್ ಜಾಸ್ತಿ ಹಾಕಿದರೆ ಎಂಜಿನ್‌ಗೆ ಒಳ್ಳೇದು ಅಂತ ಅಪ್ಪ ಹೇಳುತ್ತಿದ್ದದ್ದು ತಪ್ಪು, ಸೈಲೆನ್ಸರ್ ಕಟ್ಟಿಕೊಂಡದ್ದು ಅದರಿಂದಲೇ ಎಂದರು. ಅಪ್ಪನ ಮಾತು ತಪ್ಪು ಅಂತ ಕೇಳುವುದು ಕಷ್ಟವಾಯಿತು. ಆದರೆ ಆ ಮಸಿ ನನ್ನ ಕಣ್ಣೆದುರೇ ಇತ್ತು.

ಕೊರತೆಗಳೂ ಇವೆ. ಎರಡು ದಿನ ಅಂದದ್ದು ಹನ್ನೊಂದು ದಿನ ಆಯಿತು. ಫೋನ್ ಎತ್ತುವುದಿಲ್ಲ. ಬಿಲ್ ಕೇಳಿದರೆ ಸಿಗರೇಟ್ ಪ್ಯಾಕಿನ ಹಿಂದೆ ಬರೆದು ಕೊಡುತ್ತಾರೆ. ಹಾಸನಾಂಬೆ ಬಾಗಿಲು ತೆಗೆದಿರುವ ದಿನಗಳಲ್ಲಿ ಊರಿನ ಟ್ರಾಫಿಕ್ ದಾಟಿ ಅಲ್ಲಿಗೆ ಮುಟ್ಟುವುದೇ ಕಷ್ಟ, ಆ ವಾರ ಹೋಗಬೇಡಿ. ಆದರೆ ಹೆಂಗಸರು ಕೂರಲು ಮುಜುಗರಪಡುವಂಥ ಜಾಗವಲ್ಲ. ಹೋದ ತಕ್ಷಣ ಬೆಂಚಿನಲ್ಲಿ ಜಾಗ ಬಿಟ್ಟರು, ಟೀ ಬಂತು.

ಗಾಡಿ ಬಿಡಿಸಿಕೊಂಡ ದಿನ ನೇರ ಮನೆಗೆ ಹೋಗಲಿಲ್ಲ. ಆಲೂರು ದಾಟಿ ಸಕಲೇಶಪುರಕ್ಕೆ, ಅಲ್ಲಿಂದ ಮಂಜರಾಬಾದ್ ಕೋಟೆಯ ಬುಡದವರೆಗೆ ಹೋದೆ. ಏರಿನಲ್ಲಿ ಮೂರನೇ ಗೇರಿನಲ್ಲೇ ಎಳೆಯಿತು. ಕನ್ನಡಿಯಲ್ಲಿ ಹಿಂದಿನ ರಸ್ತೆ ಪೂರ್ತಿ ಕಾಣುತ್ತಿತ್ತು. ಈಗ ನಾಲ್ಕು ತಿಂಗಳಾಯಿತು, ಗೇರ್ ಆಯಿಲ್ ಇದ್ದಲ್ಲೇ ಇದೆ. ಮಾವನ ಬುಲೆಟ್ ಕ್ಲಚ್ ಜಾರುತ್ತಿದೆಯಂತೆ. ಬರುವ ಸೋಮವಾರ ಅದನ್ನೂ ಅಲ್ಲಿಗೇ ಒಯ್ಯುತ್ತಿದ್ದೇವೆ.