ಕೊಡಗಿನ ಮಳೆಗೆ ಸೆಮಿ ಆಟೋಮ್ಯಾಟಿಕ್: ಹಿಂಬದಿ ಬಿಚ್ಚಿ ನೋಡಿದರೆ

ಅಂಗಡಿಯವರು ವಾಷಿಂಗ್ ಮೆಷಿನ್ನನ್ನು ಎದುರಿನಿಂದ ತೋರಿಸುತ್ತಾರೆ. ಕೊಡಗಿನವರು ಅದನ್ನು ತಿರುಗಿಸಿ, ಬೆನ್ನು ನೋಡಿ ಕೊಳ್ಳಬೇಕು. ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆಯ ಒಂಟಿ ಮನೆಗೆ ಜುಲೈ ತಿಂಗಳಲ್ಲಿ ಮೆಕ್ಯಾನಿಕ್ ಬರುವುದೆಂದರೆ ಸುಲಭದ ಮಾತೇ? ಮರ ಬಿದ್ದು ದಾರಿ ಮುಚ್ಚಿದರೆ ಆ ವಾರ ಮುಗಿಯಿತು. ಹಾಗಾಗಿ 7 ಕೆಜಿಯ ಎರಡು ಟಬ್ಬಿನ ಸೆಮಿ ಆಟೋಮ್ಯಾಟಿಕ್ ಮೆಷಿನ್ನನ್ನು ಇಲ್ಲಿ ಅಳೆದಿರುವುದು ಒಂದೇ ಲೆಕ್ಕದಲ್ಲಿ: ಕೆಟ್ಟರೆ ಸ್ಕ್ರೂಡ್ರೈವರ್, 10ರ ಸ್ಪ್ಯಾನರ್, ಮಲ್ಟಿಮೀಟರ್ ಇಟ್ಟುಕೊಂಡು ಮನೆಯಲ್ಲೇ ಎಷ್ಟು ಸರಿಮಾಡಬಹುದು?

ಬಹುಪಾಲು ಮಾಡಬಹುದು. ಫುಲ್ಲಿ ಆಟೋಮ್ಯಾಟಿಕ್‌ಗೆ ಈ ಮಾತು ಹೇಳಲಾಗದು. ಅದರ ನೀರಿನ ವಾಲ್ವ್ ಸರಿಯಾಗಿ ಕೆಲಸ ಮಾಡಲು ಸಾಮಾನ್ಯವಾಗಿ 0.3 ಬಾರ್ ಒತ್ತಡ ಬೇಕು. ಎಂದರೆ ಟ್ಯಾಂಕಿನ ನೀರಿನ ಮಟ್ಟ ಮೆಷಿನ್ನಿನ ನಲ್ಲಿಗಿಂತ ಸುಮಾರು 3 ಮೀಟರ್ ಎತ್ತರದಲ್ಲಿರಬೇಕು. ಹೆಂಚಿನ ಮನೆಯ ಪಕ್ಕದ ಕಟ್ಟೆಯ ಮೇಲೆ ಕೂತ ಟ್ಯಾಂಕಿಗೆ ಅಷ್ಟು ಎತ್ತರವೆಲ್ಲಿ? ಮೇಲಿನಿಂದ ಪೈಪ್ ಹಾಕಿ ತಂದ ತೋಡಿನ ನೀರಾದರೆ ಎಲೆಚೂರು, ಮರಳು ಬಂದು ವಾಲ್ವಿನ ಜಾಲರಿಯಲ್ಲಿ ಕಟ್ಟಿಕೊಳ್ಳುತ್ತದೆ. ಸೆಮಿಯಲ್ಲಿ ಆ ವಾಲ್ವೇ ಇಲ್ಲ, ಬಕೆಟ್ಟಿನಲ್ಲಿ ತುಂಬಿಸಿದರೂ ಅದಕ್ಕೆ ಬೇಸರವಿಲ್ಲ. ತೇವ ಕುಡಿದು ಸಾಯುವ ಸರ್ಕ್ಯೂಟ್ ಬೋರ್ಡೂ ಬಹುತೇಕ ಮಾಡೆಲ್‌ಗಳಲ್ಲಿ ಇರುವುದಿಲ್ಲ. ಪ್ಲಾಸ್ಟಿಕ್ ಬಾಡಿಯಾದ್ದರಿಂದ ತುಕ್ಕು ಹೆಚ್ಚಾಗಿ ಹಿಡಿಯುವುದು ಸ್ಕ್ರೂ, ಬೋಲ್ಟುಗಳಿಗೆ. ಅವಕ್ಕೆ ಮಳೆಗೆ ಮೊದಲು ಒಂದಿಷ್ಟು ಗ್ರೀಸ್ ಸವರಿದರೆ ಬಿಚ್ಚುವ ದಿನ ಕೈ ನೋಯುವುದಿಲ್ಲ.

ಇಲ್ಲಿ ಈ ಮೆಷಿನ್ ಕೊಳ್ಳುವುದೇ ಡ್ರೈಯರ್‌ಗಾಗಿ. ಹೆಸರು ಡ್ರೈಯರ್ ಆದರೂ ಅದು ಹಿಂಡುತ್ತದೆಯೇ ಹೊರತು ಒಣಗಿಸುವುದಿಲ್ಲ. ಆದರೂ ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳು) ಒಲೆಯ ಮೇಲಿನ ಹಗ್ಗಕ್ಕೆ ಬಟ್ಟೆ ಹಾಕುವ ಮನೆಗೆ ಆ 5 ನಿಮಿಷದ ಹಿಂಡುವಿಕೆಯಿಂದ ಎರಡು ದಿನ ಉಳಿಯುತ್ತದೆ. ಹೆಚ್ಚು ದುಡಿಯುವ ಈ ಭಾಗವೇ ಮೊದಲು ಕೆಡುವುದು ಕೂಡ.

ಡ್ರೈಯರ್ ತಿರುಗದಿದ್ದರೆ ಪ್ಲಗ್ ಕಿತ್ತು (ಸ್ವಿಚ್ ಆಫ್ ಮಾಡಿದರೆ ಸಾಲದು) ಹಿಂಬದಿ ಮುಚ್ಚಳ ತೆಗೆಯಿರಿ. ಡ್ರೈಯರ್ ಮುಚ್ಚಳ ಮುಚ್ಚಿಟ್ಟು, ಕೆಳಗೆ ಮೋಟಾರಿನ ಮೇಲಿರುವ ಬ್ರೇಕ್ ಡ್ರಮ್ಮನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗಬೇಕು. ಮುಚ್ಚಳ ತೆರೆದರೆ ಬ್ರೇಕ್ ಹಿಡಿಯಬೇಕು. ಮುಚ್ಚಿದಾಗಲೂ ಬಿಗಿಯಾಗಿದ್ದರೆ ಬ್ರೇಕ್ ತಂತಿ ಸಡಿಲಾಗಿದೆ ಎಂದರ್ಥ: ಮುಚ್ಚಳ ಎಳೆಯುವಷ್ಟು ಎಳೆದರೂ ಬ್ರೇಕ್ ಬಿಡುತ್ತಿಲ್ಲ. ತಂತಿಯ ಕೊಂಡಿಯನ್ನು ಒಂದು ತೂತು ಮುಂದಕ್ಕೆ ಸಿಕ್ಕಿಸಿದರೆ ಹೆಚ್ಚಿನ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ. ತಂತಿ ಸರಿ ಇದ್ದೂ ಬಿಗಿ ಎಂದಾದರೆ ಬುಟ್ಟಿಗೂ ಹೊರ ಟಬ್ಬಿಗೂ ನಡುವೆ ಕರವಸ್ತ್ರವೋ ಮಗುವಿನ ಕಾಲುಚೀಲವೋ ಸಿಕ್ಕಿರುತ್ತದೆ. ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ಮುಚ್ಚಳ ತೆರೆದು 15 ಸೆಕೆಂಡ್ ಆದರೂ ಬುಟ್ಟಿ ನಿಲ್ಲದಿದ್ದರೆ ಬ್ರೇಕ್ ಸವೆದಿದೆ, ಬದಲಿಸುವವರೆಗೆ ಓಡಿಸಬೇಡಿ. ಮಕ್ಕಳು ಕೈ ಹಾಕುವುದು ಅಲ್ಲಿಗೇ.

ಡ್ರಮ್ ಸಲೀಸು, ಆದರೆ ಕರೆಂಟ್ ಕೊಟ್ಟರೆ ಸದ್ದೇ ಇಲ್ಲ ಎಂದರೆ ಮೇಲಿನ ಪ್ಯಾನೆಲ್ ಕೆಳಗಿರುವ ಮುಚ್ಚಳದ ಸ್ವಿಚ್ ನೋಡಿ. ತೇವಕ್ಕೆ ಅದರ ಎರಡು ಪತ್ತಿಗಳ ತುದಿ ಕಪ್ಪಾಗುತ್ತದೆ. ಪ್ಲಗ್ ಕಿತ್ತಿರುವಾಗಲೇ ನಯವಾದ ಮರಳು ಕಾಗದದಲ್ಲಿ ಉಜ್ಜಿ.

ಗುಂಯ್ ಎನ್ನುತ್ತದೆ, ತಿರುಗದು ಎಂದರೆ ಎಲ್ಲರೂ ಕೆಪಾಸಿಟರ್ (ಮೋಟಾರ್ ತಿರುಗಲು ನೂಕು ಕೊಡುವ ಭಾಗ) ಮೇಲೆ ತಪ್ಪು ಹೊರಿಸುತ್ತಾರೆ. ಅದಕ್ಕೂ ಮೊದಲು ಸಾಕೆಟ್‌ನಲ್ಲಿ ವೋಲ್ಟೇಜ್ ಅಳೆಯಿರಿ. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣ: 230 ಇರಬೇಕಾದಲ್ಲಿ 180 ಬಂದರೆ ಬಲ ಸುಮಾರು 60 ಪ್ರತಿಶತಕ್ಕೆ ಇಳಿಯುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟು ತೋಟಗಳಲ್ಲಿ ಸ್ಪ್ರಿಂಕ್ಲರ್ ಪಂಪುಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ಮೆಷಿನ್ ಗೊಣಗಿದರೆ ದೋಷ ಲೈನಿನದ್ದೂ ಇರಬಹುದು. ಆಗ ಪದೇಪದೇ ಸ್ಟಾರ್ಟ್ ಮಾಡಿದರೆ ಸುಡುವುದು ವೈಂಡಿಂಗ್, ಎಂದರೆ ಮೋಟಾರಿನೊಳಗಿನ ತಂತಿಸುರುಳಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಓಡಿಸುವುದೂ ಅಷ್ಟೇ ಕೆಟ್ಟದ್ದು.

ವೋಲ್ಟೇಜ್ ಸರಿ ಇದ್ದರೆ ಕೆಪಾಸಿಟರಿಗೆ ಬನ್ನಿ. ಕೆಲವು ಮೆಷಿನ್‌ಗಳಲ್ಲಿ ಎರಡು ಬೇರೆಬೇರೆ, ಕೆಲವಲ್ಲಿ ಮೂರು ತಂತಿಯ ಜೋಡಿ ಕೆಪಾಸಿಟರ್. ಅದರ ಮೇಲೆ 10+5 ಮೈಕ್ರೋಫ್ಯಾರಡ್ ಎಂಬಂತೆ ಬರೆದಿರುತ್ತದೆ. ದೊಡ್ಡ ಅಂಕಿ ಸಾಮಾನ್ಯವಾಗಿ ಒಗೆಯುವ ಮೋಟಾರಿಗೆ, ಚಿಕ್ಕದು ಡ್ರೈಯರಿಗೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು. ಹಳೆಯ 100 ವಾಟ್ ಬಲ್ಬಿನ ಎರಡು ತಂತಿಗಳನ್ನು ಅದರ ತುದಿಗಳಿಗೆ ಮುಟ್ಟಿಸಿ ಖಾಲಿ ಮಾಡಿ. ಕೆಪಾಸಿಟರ್ ಮೇಲೆ ಬರೆದ ಅಂಕಿಗಿಂತ ಮೀಟರ್ 10 ಪ್ರತಿಶತಕ್ಕೂ ಮಿಕ್ಕಿ ಕಡಿಮೆ ತೋರಿಸಿದರೆ ಬದಲಿಸಿ. ಹೊಸದು ಅದೇ ಮೈಕ್ರೋಫ್ಯಾರಡ್, 440 ವೋಲ್ಟಿನದೇ ಆಗಿರಲಿ. ದೊಡ್ಡದು ಹಾಕಿದರೆ ಜೋರಾಗಿ ತಿರುಗುತ್ತದೆ ಎಂಬ ಸಲಹೆ ಕೊಡುವವರಿದ್ದಾರೆ. ಜೋರಾಗಿ ಬಿಸಿಯಾಗುತ್ತದೆ, ಅಷ್ಟೇ.

ಕೆಪಾಸಿಟರೂ ಚೆನ್ನಾಗಿದ್ದರೆ ಮೋಟಾರಿನ ಮೂರು ತಂತಿಗಳ ರೆಸಿಸ್ಟೆನ್ಸ್ ನೋಡಿ. ಒಗೆಯುವ ಮೋಟಾರ್ ಎರಡೂ ಕಡೆಗೆ ತಿರುಗುವುದರಿಂದ ಅದರ ಎರಡು ವೈಂಡಿಂಗ್ ಸಮನಾಗಿ ತೋರಿಸಬೇಕು. ಡ್ರೈಯರ್ ಮೋಟಾರಿನಲ್ಲಿ ಹೆಚ್ಚುಕಮ್ಮಿ ಇರುವುದು ಸಹಜ, ಅದನ್ನು ದೋಷವೆಂದು ತಿಳಿಯಬೇಡಿ. ಮೀಟರ್ ಏನೂ ತೋರಿಸದಿದ್ದರೆ ವೈಂಡಿಂಗ್ ಹೋಗಿದೆ.

ಈ ಮೆಷಿನ್ನಿನ ನಿಜವಾದ ದೌರ್ಬಲ್ಯ ಡ್ರೈಯರ್ ತಳದ ರಬ್ಬರ್ ಸೀಲ್. ಕೆಂಪು ಮಣ್ಣಿನ ಬಟ್ಟೆಯನ್ನು ಜಾಲಾಡಿಸದೆ ಹಾಕಿದರೆ ಮಣ್ಣು ಸೀಲಿನ ತುಟಿ ಸವೆಸುತ್ತದೆ, ನೀರು ಹನಿಹನಿಯಾಗಿ ನೇರ ಮೋಟಾರಿನ ಮೇಲೆ ಬೀಳುತ್ತದೆ. ಮೊದಲು ಕಿರ್ರ್ ಸದ್ದು, ಆಮೇಲೆ ತುಕ್ಕು, ಕೊನೆಗೆ ಮೋಟಾರೇ ಹೋಗುತ್ತದೆ. ಹನಿ ಕಂಡ ದಿನವೇ ಬದಲಿಸಿದರೆ ಅಗ್ಗ. ಬ್ರೇಕ್ ಡ್ರಮ್ಮಿನ ಬೋಲ್ಟಿನ ಲಾಕ್ ನಟ್ ಸಡಿಲಿಸಿ, ಬೋಲ್ಟ್ ಹಿಂದೆ ತಿರುಗಿಸಿ, ಬುಟ್ಟಿಯನ್ನು ನೇರ ಮೇಲಕ್ಕೆತ್ತಿ. ಹಳೆ ಸೀಲ್ ಕಿತ್ತು, ಅದು ಕೂರುವ ಜಾಗದ ಕೆಸರು ಒರೆಸಿ, ಹೊಸದರ ತುಟಿಗೆ ನೀರಿಗೆ ಕರಗದ ಗ್ರೀಸ್ ಹಚ್ಚಿ ಕೂರಿಸಿ. ಮರುಜೋಡಿಸುವಾಗ ಬೋಲ್ಟ್ ಶಾಫ್ಟಿನ ಚಪ್ಪಟೆ ಬದಿಗೇ ಒತ್ತಬೇಕು; ದುಂಡು ಬದಿಗೆ ಬಿದ್ದರೆ ನಾಲ್ಕು ದಿನಕ್ಕೆ ಜಾರುತ್ತದೆ.

ಡ್ರೈಯರ್ ಕುಣಿದರೆ ಮೋಟಾರಿನ ಕೆಳಗಿನ ಮೂರು ಸ್ಪ್ರಿಂಗ್‌ಗಳಲ್ಲಿ ಒಂದು ಮುರಿದಿದೆಯೇ ನೋಡಿ. ರೇನ್‌ಕೋಟ್, ಜರ್ಕಿನ್ ಹಾಕಲೇಬೇಡಿ. ನೀರು ಹೊರಹೋಗದೆ ಒಂದೇ ಬದಿ ಭಾರವಾಗಿ ಬುಟ್ಟಿ ಟಬ್ಬಿಗೆ ಬಡಿಯುತ್ತದೆ.

ಒಗೆಯುವ ಬದಿಯಲ್ಲಿ ತಲೆನೋವು ಕಡಿಮೆ. ಮೋಟಾರ್ ಓಡಿದರೂ ಪಲ್ಸೇಟರ್ (ಟಬ್ಬಿನ ತಳದಲ್ಲಿ ತಿರುಗುವ ತಟ್ಟೆ) ತಿರುಗದಿದ್ದರೆ ದೋಷ ಬೆಲ್ಟಿನದು: ನಡುವೆ ಒತ್ತಿದರೆ ಸುಮಾರು 1 ಸೆಂಟಿಮೀಟರ್ ಬಗ್ಗಬೇಕು, ಹೆಚ್ಚಾದರೆ ಮೋಟಾರಿನ ಬೋಲ್ಟ್ ಸಡಿಲಿಸಿ ಹಿಂದೆ ಸರಿಸಿ. ಕಟಕಟ ಸದ್ದು ಬಂದರೆ ಪಲ್ಸೇಟರ್ ಸ್ಕ್ರೂ ಬಿಚ್ಚಿ. ಜೇಬಿನಿಂದ ಜಾರಿದ ಕಾಫಿ ಬೀಜ, ಕರಿಮೆಣಸು, ಚಿಲ್ಲರೆ ಅಲ್ಲಿರುತ್ತವೆ. ನೀರು ನಿಲ್ಲದೆ ಸೋರಿಹೋದರೆ ಡ್ರೈನ್ ವಾಲ್ವ್ ರಬ್ಬರಿನಲ್ಲಿ ನೂಲು ಸಿಕ್ಕಿರುತ್ತದೆ.

ಟೈಮರ್ ಬದಲಿಸುವುದೂ ಮನೆಯಲ್ಲೇ ಆಗುವ ಕೆಲಸ, ತಂತಿಗಳ ಬಣ್ಣದ ಫೋಟೊ ಮೊದಲೇ ತೆಗೆದುಕೊಂಡರೆ. ತಂತಿ ಜೋಡಣೆಯ ಕ್ಯಾಪ್‌ಗಳ ಬಾಯಿ ಕೆಳಮುಖವಾಗಿರಲಿ, ನೀರು ನಿಲ್ಲದಂತೆ. ಗೇರ್ ಬಾಕ್ಸ್ ಸೋರಿದರೆ, ಮೋಟಾರ್ ಸುಟ್ಟರೆ ಅಂಗಡಿಗೇ ಒಯ್ಯಿರಿ. ಮೆಷಿನ್ ಮುಟ್ಟಿದಾಗ ಜುಮ್ ಎಂದರೆ ಅದನ್ನು ಬಿಚ್ಚುವ ಮೊದಲು ಮನೆಯ ಅರ್ಥಿಂಗ್ ಪರೀಕ್ಷಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ.

ಕೊಳ್ಳುವಾಗ ತಳದಲ್ಲಿ ಇಲಿ ಜಾಲರಿ ಇದೆಯೇ, ಹಿಂಬದಿ ಮುಚ್ಚಳ ಬರೀ ಸ್ಕ್ರೂಗಳಿಂದ ಬಿಚ್ಚಿಬರುತ್ತದೆಯೇ, ಸೀಲ್ ಮತ್ತು ಬೆಲ್ಟ್ ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಸಿಗುತ್ತದೆಯೇ ಎಂದು ಕೇಳಿ. ಆಮೇಲೆ ಮೇ ಮುಗಿಯುವ ಮೊದಲು ಒಂದು ಸೀಲ್, ಅದೇ ನಂಬರಿನ ಬೆಲ್ಟ್, ಒಂದು ಕೆಪಾಸಿಟರ್ ತಂದು ಒಣ ಡಬ್ಬಿಯಲ್ಲಿ ಹಾಕಿಡಿ.