ರಟ್ಟಿನ ಮಾದರಿಯೋ, 3ಡಿ ಪ್ರಿಂಟೋ?

ಕೈಯಲ್ಲಿ ಹಿಡಿಯುವ ಸಾಧನದ ಗಾತ್ರ, ಗುಂಡಿಯ ಜಾಗ ಇನ್ನೂ ತೀರ್ಮಾನವಾಗಿಲ್ಲವೇ? ರಟ್ಟೇ ಸಾಕು. ಅರ್ಧ ಗಂಟೆಯಲ್ಲಿ ಮೂರು ಅಳತೆಯ ಡಬ್ಬಿ ಕತ್ತರಿಸಿ ಅಂಟಿಸಬಹುದು. ಒಳಗೆ ನಾಣ್ಯ ತುಂಬಿ ನಿಜವಾದ ತೂಕ ಕೊಡಿ. ಹಗುರ ಡಬ್ಬಿ ಎಲ್ಲರ ಕೈಗೂ ಹಿತವೆನಿಸಿ ದಾರಿ ತಪ್ಪಿಸುತ್ತದೆ. ಈ ಹಂತದಲ್ಲೇ ನುಣುಪಾದ ಪ್ರಿಂಟ್ ತೋರಿಸಿದರೆ ಜನ ಹಿಡಿತ ಬಿಟ್ಟು ಬಣ್ಣದ ಮಾತಾಡುತ್ತಾರೆ.

ಮುಚ್ಚಳ ಕೂರುತ್ತದೆಯೇ, ಸ್ಕ್ರೂ ಹಿಡಿಯುತ್ತದೆಯೇ ಎಂಬುದನ್ನು ರಟ್ಟು ಹೇಳದು. ಅದಕ್ಕೆ ಪ್ಲಾಸ್ಟಿಕ್ಕನ್ನು ಪದರದ ಮೇಲೆ ಪದರವಾಗಿ ಕೂಡಿಸುವ 3ಡಿ ಪ್ರಿಂಟೇ ಬೇಕು. ಪ್ರತಿ ಪದರ 0.2 ಮಿ.ಮೀ. ದಪ್ಪವಿದ್ದರೆ ಸಾಕು. ಪ್ರಿಂಟಾದ ರಂಧ್ರ ತುಸು ಕಿರಿದಾಗುವುದರಿಂದ, ಕೂಡುವ ಭಾಗಗಳ ನಡುವೆ 0.2–0.3 ಮಿ.ಮೀ. ಸಡಿಲ ಬಿಡಿ. ಕ್ಲಿಪ್ಪನ್ನು ನಿಲ್ಲಿಸಿ ಪ್ರಿಂಟ್ ಮಾಡಿದರೆ ಬಾಗಿಸಿದಾಗ ಪದರಗಳ ನಡುವೆಯೇ ಪಟ್ಟನೆ ಮುರಿಯುತ್ತದೆ; ಮಲಗಿಸಿ ಮಾಡಿ. ಬಿಸಿಯ ಪರೀಕ್ಷೆಗೆ ಪಿಎಲ್‌ಎ (3ಡಿ ಪ್ರಿಂಟಿಗೆ ಸಾಮಾನ್ಯವಾಗಿ ಬಳಸುವ ಪ್ಲಾಸ್ಟಿಕ್) ಬೇಡ, ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ.