ಬುಪ್ರೆನಾರ್ಫಿನ್ ಬದಲಿ ಚಿಕಿತ್ಸೆ: ಹಲವು ವರ್ಷ ಬಳಸಿದವನ ವಿಮರ್ಶೆ, ಮಂಗಳೂರು

ಮಂಗಳೂರಿನ ದಕ್ಕೆಯಲ್ಲಿ ಮೀನಿನ ಲೆಕ್ಕ ಬರೆಯುವ ನಾನು, ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್) ಚುಚ್ಚಿಕೊಳ್ಳುವುದನ್ನು ಬಿಡಲು ಕೆಲವು ವರ್ಷಗಳಿಂದ ಓಎಸ್‌ಟಿ, ಅಂದರೆ ಅಫೀಮು ಜಾತಿಯ ಮಾದಕವಸ್ತುವಿನ ಬದಲಿಗೆ ಔಷಧ ಕೊಡುವ ಚಿಕಿತ್ಸೆಯ ಕೇಂದ್ರವೊಂದಕ್ಕೆ ಹೋಗುತ್ತಿದ್ದೇನೆ. ಔಷಧಕ್ಕೆ ಪೂರ್ಣ ಅಂಕ, ವ್ಯವಸ್ಥೆಗೆ ಅರ್ಧ.

ನರ್ಸ್ ಬುಪ್ರೆನಾರ್ಫಿನ್ ಮಾತ್ರೆಯನ್ನು ಪುಡಿಮಾಡಿ ನಾಲಗೆಯ ಕೆಳಗೆ ಹಾಕುತ್ತಾರೆ. ಅದು ಕರಗುವವರೆಗೆ ಅವರ ಎದುರಿಗೇ ಕುಳಿತಿರಬೇಕು, ನುಂಗಿದರೆ ಹೆಚ್ಚಿನ ಭಾಗ ವ್ಯರ್ಥ. ಪ್ರಮಾಣ ಸರಿಹೊಂದಿದ ಮೇಲೆ ಮೈಕೈ ನೋವು, ಬೆವರು, ನಿದ್ದೆಗೇಡು ಎಲ್ಲವೂ ನಿಂತವು. ಮಲಬದ್ಧತೆ ಮಾತ್ರ ಉಳಿದಿದೆ. ಮೆಥಡೋನ್ ಇದೇ ಉದ್ದೇಶದ ದ್ರವೌಷಧ. ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅತಿಯಾದರೆ ಮೆಥಡೋನ್ ಉಸಿರಾಟವನ್ನೇ ನಿಲ್ಲಿಸಬಲ್ಲದು. ಬುಪ್ರೆನಾರ್ಫಿನ್‌ನ ಪರಿಣಾಮ ಒಂದು ಮಿತಿಯ ನಂತರ ಏರುವುದಿಲ್ಲವಾದ್ದರಿಂದ, ಮದ್ಯ ಅಥವಾ ನಿದ್ದೆಮಾತ್ರೆ ಜೊತೆಗಿಲ್ಲದಿದ್ದರೆ, ಅಪಾಯ ಕಡಿಮೆ.

ಎಚ್‌ಐವಿ ವಿಷಯದಲ್ಲಿ ಇದರಿಂದ ಏನನ್ನು ನಿರೀಕ್ಷಿಸಬೇಕೆಂಬುದು ಸ್ಪಷ್ಟವಾಗಿರಲಿ. ಈ ಮಾತ್ರೆ ವೈರಾಣುವನ್ನು ಕೊಲ್ಲುವುದಿಲ್ಲ. ಸೂಜಿಯ ಅಗತ್ಯವನ್ನೇ ತಗ್ಗಿಸುವುದರಿಂದ ಒಬ್ಬರ ಸಿರಿಂಜು, ಹತ್ತಿ, ನೀರು ಇನ್ನೊಬ್ಬರ ರಕ್ತಕ್ಕೆ ತಲುಪುವ ಸಂದರ್ಭ ವಿರಳವಾಗುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಬದಲಿ ಚಿಕಿತ್ಸೆಯಲ್ಲಿರುವವರಿಗೆ ಎಚ್‌ಐವಿ ತಗಲುವ ಸಂಭವ ಶೇ. 54ರಷ್ಟು ಕಡಿಮೆ ಎಂದು ಕಂಡುಬಂದಿತ್ತು. ಶೇ. 100 ಅಲ್ಲ, ಹಾಗಾಗಿ ಹೊಸ ಸೂಜಿ, ಕಾಂಡೋಮ್, ನಿಯತವಾದ ರಕ್ತಪರೀಕ್ಷೆ ಯಾವುದನ್ನೂ ಬಿಡುವಂತಿಲ್ಲ. ನಮ್ಮ ಕರಾವಳಿಯಲ್ಲಿ ಆಗಾಗ ಸುದ್ದಿಯಾಗುವ, ಅಫೀಮು ಜಾತಿಗೆ ಸೇರದ ಮಾದಕವಸ್ತು ಎಂಡಿಎಂಎಗೆ ಇದು ಮದ್ದೇ ಅಲ್ಲ ಎಂಬುದನ್ನೂ ಮಗನನ್ನು ಕರೆತರುವ ತಂದೆತಾಯಿ ಮೊದಲೇ ತಿಳಿದಿರುವುದು ಒಳ್ಳೆಯದು.

ಅರ್ಧ ಅಂಕ ಕಡಿದದ್ದು ಸಮಯಕ್ಕಾಗಿ. ದಕ್ಕೆಯಲ್ಲಿ ಹರಾಜು ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ಕೇಂದ್ರದ ಬಾಗಿಲು ತೆರೆಯುವುದು ಕಚೇರಿ ವೇಳೆಗೆ. ಟ್ರಾಲ್ ಬೋಟುಗಳು ದಡದಲ್ಲೇ ನಿಲ್ಲುವ ಜೂನ್, ಜುಲೈ ತಿಂಗಳುಗಳಲ್ಲಿ ಯಾರೂ ತಪ್ಪಿಸುವುದಿಲ್ಲ. ಆಗಸ್ಟಿನಲ್ಲಿ ಆಳಸಮುದ್ರಕ್ಕೆ ಹೊರಟು ಹಲವು ದಿನ ನೀರಿನಲ್ಲೇ ಉಳಿಯುವ ಕಲಾಸಿಗೆ (ಬೋಟಿನ ಕೆಲಸಗಾರನಿಗೆ) ದಿನಕ್ಕೊಂದು ಬಾರಿ ಬಂದು ಹೋಗು ಎಂದರೆ, ಚಿಕಿತ್ಸೆ ಬಿಡು ಎಂದಂತೆಯೇ. ಬಿಟ್ಟವನಿಗೆ ಹಳೆಯ ಸೂಜಿ, ಹಳೆಯ ಗುಂಪು ಕಾದಿರುತ್ತವೆ. ಮನೆಗೆ ಕೊಟ್ಟರೆ ಮಾತ್ರೆ ಮಾರಾಟವಾಗಬಹುದೆಂಬ ಕೇಂದ್ರದವರ ಆತಂಕ ನಿರಾಧಾರವೇನಲ್ಲ. ಆದರೆ 2020ರ ಲಾಕ್‌ಡೌನಿನಲ್ಲಿ ಮನೆಗೆ ಕೊಂಡೊಯ್ಯಲು ಅವಕಾಶವಾಗಿತ್ತು. ಸ್ಥಿರವಾಗಿರುವ ಹಳಬರಿಗಾದರೂ ಆ ಕ್ರಮವನ್ನು ಮೀನುಗಾರಿಕೆಯ ಋತುವಿಡೀ ನಡೆಸಬೇಕೆಂದು ಕೇಂದ್ರದ ವೈದ್ಯರಿಗೆ ಬರೆದುಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.